ಹಿಮದ ನಾಡಿಗೆ ಹೊರಟವರ ಪ್ರಶ್ನೆಗಳು

ಚಳಿಗಾಲದ ಪ್ರವಾಸದ ಬಗ್ಗೆ ಬಂದ ಪತ್ರಗಳಲ್ಲಿ ಈ ಸಲ ಹೆಚ್ಚಿನವು ಹಿಮದ ಮೇಲೆ ನಾಯಿಗಳು ಎಳೆಯುವ ನಾಯಿಬಂಡಿ ಮತ್ತು ಹಿಮದ ಮೇಲೆ ಓಡುವ ಎಂಜಿನ್ ವಾಹನವಾದ ಸ್ನೋಮೊಬೈಲ್ ಕುರಿತು. ಮಕ್ಕಳು ಯುರೋಪಿನಲ್ಲಿ ಓದುವ, ಕೆಲಸ ಮಾಡುವ ಮನೆಗಳು ಮಲೆನಾಡಿನಲ್ಲಿ ಹೆಚ್ಚುತ್ತಿರುವುದೇ ಇದಕ್ಕೆ ಕಾರಣವಿರಬೇಕು. ಒಂದೇ ವಿಷಯ ಕೇಳಿದವರ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗಳು ಫಿನ್ಲೆಂಡಿನಲ್ಲಿದ್ದಾಳೆ. ಕ್ರಿಸ್‌ಮಸ್ ರಜೆಗೆ ಬನ್ನಿ, ಲ್ಯಾಪ್‌ಲ್ಯಾಂಡಿನಲ್ಲಿ ನಾಯಿಬಂಡಿ ಹತ್ತಿಸುತ್ತೇನೆ ಅನ್ನುತ್ತಾಳೆ. ಅದೇ ಸರಿಯಾದ ಸಮಯವೇ?
— ತೀರ್ಥಹಳ್ಳಿಯ ಓದುಗರು

ರಜೆ ಹೊಂದಿಸಿಕೊಳ್ಳಲು ಆಗುವುದಾದರೆ ಫೆಬ್ರವರಿ ಕೊನೆ ಅಥವಾ ಮಾರ್ಚಿಗೆ ಹೋಗಿ. ಫಿನ್ಲೆಂಡಿನ ಉತ್ತರ ಭಾಗವಾದ ಲ್ಯಾಪ್‌ಲ್ಯಾಂಡಿನ ರೊವಾನಿಯೆಮಿ ಊರು ಉತ್ತರ ಧ್ರುವವೃತ್ತದ ಹತ್ತಿರವೇ ಇದೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಹಗಲು ಎರಡು ಗಂಟೆಯ ಮೇಲೆ ಸ್ವಲ್ಪ, ಅಷ್ಟೆ. ಇನ್ನೂ ಉತ್ತರದ ನಾರ್ವೆಯ ಟ್ರೋಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಮಾರ್ಚಿನಲ್ಲಾದರೆ ಹಗಲು ಹೆಚ್ಚುಕಡಿಮೆ ನಮ್ಮಷ್ಟೇ ಉದ್ದ, ಹಿಮ ಚೆನ್ನಾಗಿ ಕೂತಿರುತ್ತದೆ, ಕೆರೆಗಳ ಮೇಲಿನ ಮಂಜುಗಡ್ಡೆ ದಪ್ಪವಾಗಿರುವುದರಿಂದ ಉದ್ದದ ದಾರಿಗಳೂ ತೆರೆದಿರುತ್ತವೆ. ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು, ಅಂದರೆ ಧ್ರುವಪ್ರಭೆ ಕಾಣುವ ಅವಕಾಶವೂ ಮಾರ್ಚ್ ಕೊನೆಯವರೆಗೆ ಇದೆ. ಕ್ರಿಸ್‌ಮಸ್ ವಾರದಲ್ಲಿ ದರ ಏರಿರುತ್ತದೆ, ಜನದಟ್ಟಣೆ ಬೇರೆ.

ಫಿನ್ಲೆಂಡ್, ನಾರ್ವೆ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಕೊನೆಯ 15 ದಿನದವರೆಗೆ ಎಳೆಯಬೇಡಿ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ವಿಮೆ ಮಾಡಿಸುವಾಗ ಪಾಲಿಸಿಯಲ್ಲಿ ಸ್ನೋಮೊಬೈಲ್ ಸೇರಿದೆಯೇ ಎಂದು ಬರವಣಿಗೆಯಲ್ಲೇ ಕೇಳಿ ತಿಳಿದುಕೊಳ್ಳಿ. ಸಾಹಸ ಕ್ರೀಡೆ ಎಂದು ಅದನ್ನು ಹೊರಗಿಟ್ಟ ಪಾಲಿಸಿಗಳು ಬಹಳ. ತಿಂಡಿ ಕಟ್ಟಿಕೊಂಡು ಹೋಗುವವರು ತುಪ್ಪ, ಹಾಲಿನ ಪೇಡ ಬಿಟ್ಟು ಹೊರಡಿ. ಐರೋಪ್ಯ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹಾಲು, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಸಸ್ಯಾಹಾರಿಗಳಾಗಿದ್ದರೆ ಬುಕಿಂಗ್ ಮಾಡುವಾಗಲೇ ಬರೆಯಿರಿ. ಇಲ್ಲದಿದ್ದರೆ ಕಾಡಿನ ಬೆಂಕಿಯ ಪಕ್ಕ ಸಾಲ್ಮನ್ ಮೀನಿನ ಸಾರೋ, ಹಿಮಸಾರಂಗದ ಮಾಂಸವೋ ಬಟ್ಟಲಿಗೆ ಬರುತ್ತದೆ.

ಪ್ರಶ್ನೆ: ನಾಯಿಬಂಡಿಯನ್ನು ನಾವೇ ಓಡಿಸಬಹುದು ಎಂದು ಓದಿದೆ. ಎತ್ತಿನ ಗಾಡಿಯ ಹಾಗೆ ಹಗ್ಗ ಹಿಡಿದು ತಿರುಗಿಸುವುದೇ? ಕಲಿಯಲು ಎಷ್ಟು ಹೊತ್ತು ಬೇಕು?
— ಹೊಸನಗರದ ಕೃಷಿಕರು

ಮೂಗುದಾರವೂ ಇಲ್ಲ, ಲಗಾಮೂ ಇಲ್ಲ. ದಾರಿ ಹಿಡಿಯುವುದು ಮುಂದಿನ ನಾಯಿಗಳ ಕೆಲಸ. ಅವು ಗೈಡ್‌ನ ಬಂಡಿಯ ಹಿಂದೆ ಹೋಗುತ್ತವೆ. ನಿಮ್ಮ ಕೆಲಸ ಬ್ರೇಕ್. ಹೊರಡುವ ಮೊದಲು ಹೇಳಿಕೊಡಲು ಹದಿನೈದು ನಿಮಿಷ ಸಾಕು, ಆದರೆ ಆ ಹದಿನೈದು ನಿಮಿಷ ಫೋಟೊ ತೆಗೆಯುತ್ತಾ ಕಳೆಯಬೇಡಿ.

ಬಂಡಿಯ ಅಡಿಯಲ್ಲಿ ಎರಡು ಉದ್ದದ ಜಾರುಪಟ್ಟಿಗಳಿರುತ್ತವೆ. ಓಡಿಸುವವರು ಹಿಂಬದಿಯಲ್ಲಿ ಒಂದೊಂದು ಪಟ್ಟಿಯ ಮೇಲೆ ಒಂದೊಂದು ಕಾಲಿಟ್ಟು ನಿಂತು ಎದುರಿನ ಹಿಡಿಕೆ ಹಿಡಿಯಬೇಕು. ಜೊತೆಗಾರರು ಮುಂದೆ ಕೂರುತ್ತಾರೆ. ಎರಡು ಪಟ್ಟಿಗಳ ನಡುವೆ, ಕಾಲಿಗೆ ಸಿಗುವ ಹಾಗೆ ಎರಡು ಸಾಧನಗಳಿವೆ. ಒಂದು ದಪ್ಪ ರಬ್ಬರಿನ ತುಂಡು, ಅದರ ಮೇಲೆ ಕಾಲಿಟ್ಟರೆ ವೇಗ ತಗ್ಗುತ್ತದೆ. ಇನ್ನೊಂದು ಕಬ್ಬಿಣದ ಉಗುರಿರುವ ಅಡ್ಡಪಟ್ಟಿ, ತುಳಿದರೆ ಹಿಮಕ್ಕೆ ಕಚ್ಚಿ ಬಂಡಿ ನಿಲ್ಲುತ್ತದೆ. ಇವಲ್ಲದೆ ಹಗ್ಗಕ್ಕೆ ಕಟ್ಟಿದ ಎರಡು ಹಲ್ಲಿನ ಕೊಕ್ಕೆಯೊಂದು ಇರುತ್ತದೆ. ಬಂಡಿ ನಿಂತ ಮೇಲೆ ಅದನ್ನು ಹಿಮಕ್ಕೆ ಚುಚ್ಚಿ ತುಳಿಯಬೇಕು, ದೋಣಿಯ ಲಂಗರಿನ ಕೆಲಸ ಅದರದ್ದು.

ಬಂಡಿಯಿಂದ ಮುಂದಕ್ಕೆ ನಡುಹಗ್ಗ. ಅದರ ಎರಡೂ ಪಕ್ಕ ಜೋಡಿ ಜೋಡಿಯಾಗಿ ನಾಯಿಗಳು. ಪ್ರವಾಸಿಗರ ಬಂಡಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು. ಬುದ್ಧಿ ಚುರುಕಾದವು ತುದಿಯಲ್ಲಿ, ಮೈಕಟ್ಟು ಗಟ್ಟಿಯಾದವು ಬಂಡಿಗೆ ಹತ್ತಿರ.

ತಪ್ಪಾಗುವುದು ಹೆಚ್ಚಾಗಿ ಹೊರಡುವ ಕ್ಷಣದಲ್ಲಿ. ನಾಯಿಗಳು ಕೂಗಿ ಕುಣಿದು ಹಗ್ಗ ಜಗ್ಗುತ್ತಿರುತ್ತವೆ, ಬಂಡಿಯನ್ನು ಕಂಬಕ್ಕೆ ಕಟ್ಟಿರುತ್ತಾರೆ. ಗಂಟು ಬಿಚ್ಚುವ ಮುಂಚೆ ಎರಡೂ ಕಾಲು ಬ್ರೇಕಿನ ಮೇಲಿರಬೇಕು, ಎರಡೂ ಕೈ ಹಿಡಿಕೆಯಲ್ಲಿರಬೇಕು. ಇಲ್ಲದಿದ್ದರೆ ಬಂಡಿ ಛಂಗನೆ ಹಾರಿದಾಗ ನೀವು ಹಿಂದೆ ಉಳಿಯುತ್ತೀರಿ. ಹೊರಟ ಮೇಲೆ ನಾಯಿಗಳ ಕೂಗು ಒಮ್ಮೆಲೇ ನಿಲ್ಲುತ್ತದೆ, ಅದಕ್ಕೆ ಗಾಬರಿ ಬೇಡ. ಓಡುತ್ತಲೇ ಪಕ್ಕದ ಹಿಮಕ್ಕೆ ಬಾಯಿ ಹಾಕಿ ತಿನ್ನುವುದು, ಓಡುತ್ತಲೇ ಮಲ ವಿಸರ್ಜಿಸುವುದು ಎಲ್ಲವೂ ಮಾಮೂಲು.

ಇಳಿಜಾರಿನಲ್ಲಿ ರಬ್ಬರಿನ ಮೇಲೆ ಕಾಲಿಟ್ಟು ನಡುಹಗ್ಗ ಬಿಗಿಯಾಗಿಯೇ ಇರುವಂತೆ ನೋಡಿಕೊಳ್ಳಿ. ಹಗ್ಗ ಸಡಿಲವಾಯಿತೆಂದರೆ ಬಂಡಿ ನಾಯಿಗಿಂತ ಜೋರಾಗಿ ಬರುತ್ತಿದೆ ಎಂದರ್ಥ. ಆಗ ಹಗ್ಗ ಹಿಂದಿನ ನಾಯಿಗಳ ಕಾಲಿಗೆ ಸುತ್ತಿಕೊಳ್ಳಬಹುದು, ಬಂಡಿಯೇ ಅವುಗಳ ಮೈಮೇಲೆ ಹೋಗಬಹುದು. ಏರಿನಲ್ಲಿ ಒಂದು ಕಾಲು ಇಳಿಸಿ ನೆಲ ಒದ್ದು ಸಹಾಯ ಮಾಡಬೇಕು. ಸುಮ್ಮನೆ ನಿಂತರೆ ನಾಯಿಗಳು ಹಿಂದೆ ತಿರುಗಿ ನಿಮ್ಮನ್ನೇ ನೋಡುತ್ತವೆ! ತಿರುವಿನಲ್ಲಿ ಮಂಡಿ ಬಗ್ಗಿಸಿ ಮೈಯನ್ನು ಒಳಬದಿಗೆ ವಾಲಿಸಿ.

ಬಿದ್ದರೂ ಹಿಡಿಕೆ ಬಿಡಬೇಡಿ ಎಂಬುದು ಎಲ್ಲ ಕಡೆ ಹೇಳುವ ಮೊದಲ ನಿಯಮ. ಆಳಿಲ್ಲದ ಬಂಡಿಯನ್ನು ಎಳೆದುಕೊಂಡು ನಾಯಿಗಳು ಓಡುತ್ತಲೇ ಇರುತ್ತವೆ, ಮರಕ್ಕೆ ಸಿಕ್ಕಿಕೊಳ್ಳುವವರೆಗೆ. ಕೈ ಜಾರಿಯೇ ಹೋಯಿತೆನ್ನಿ, ಮುಂದಿನ ಬಂಡಿಯವರಿಗೆ ಕೇಳುವಂತೆ ಕೂಗಿ. ನಿಂತಾಗಲೂ ಗೈಡ್ ಸನ್ನೆ ಮಾಡುವವರೆಗೆ ಬ್ರೇಕ್ ಬಿಟ್ಟು ಇಳಿಯಬಾರದು.

ಅರ್ಧ ಗಂಟೆಯ, ಬರೀ ಕೂತು ಸುತ್ತು ಹಾಕಿ ಬರುವ ಸವಾರಿಗಿಂತ ನೀವೇ ಓಡಿಸುವ ಎರಡು ಮೂರು ಗಂಟೆಯದ್ದನ್ನೇ ಆರಿಸಿ ಎಂಬುದು ನಮ್ಮ ಸಲಹೆ. ಮೊದಲ ಹತ್ತು ನಿಮಿಷ ಗಡಿಬಿಡಿಯಲ್ಲೇ ಹೋಗುತ್ತದೆ, ಹಿಡಿತ ಸಿಗುವುದು ಆಮೇಲೆ.

ಪ್ರಶ್ನೆ: ಮನೆಯಲ್ಲಿರುವ ಸ್ವೆಟರು, ಮಂಕಿ ಕ್ಯಾಪ್ ಸಾಕೇ? ಏನೇನು ಕೊಳ್ಳಬೇಕು? ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಬಹುದೇ?
— ಸಾಗರ ಮತ್ತು ಶಿವಮೊಗ್ಗದಿಂದ ಕೆಲವರು

ಹೊರಗಿನ ದಪ್ಪ ಸೂಟು, ಬೂಟು, ಕೈಗವಸನ್ನು ಹೆಚ್ಚಿನ ಪ್ರವಾಸ ಕಂಪನಿಗಳೇ ಕೊಡುತ್ತವೆ. ಟಿಕೆಟಿನ ದರದಲ್ಲಿ ಅದು ಸೇರಿದೆಯೇ ನೋಡಿಕೊಳ್ಳಿ. ನೀವು ಕೊಳ್ಳಬೇಕಾದದ್ದು ಮೈಗೆ ತಾಗುವ ಪದರ: ಉಣ್ಣೆಯ ಅಥವಾ ಪಾಲಿಯೆಸ್ಟರಿನ ಥರ್ಮಲ್ ಎರಡು ಜೊತೆ, ಉಣ್ಣೆಯ ಕಾಲುಚೀಲ, ಕಿವಿ ಮುಚ್ಚುವ ಟೋಪಿ, ಕುತ್ತಿಗೆಗೆ ಹಾಕುವ ಬಟ್ಟೆಯ ಕೊಳವೆ. ನಡುವೆ ಹಾಕಲು ಮನೆಯ ಉಣ್ಣೆ ಸ್ವೆಟರು ಚೆನ್ನಾಗಿಯೇ ಆಗುತ್ತದೆ.

ಹತ್ತಿಯ ಬನಿಯನ್ ಮಾತ್ರ ಬೇಡವೇ ಬೇಡ. ಏರಿನಲ್ಲಿ ಬಂಡಿ ತಳ್ಳಿದಾಗ ಬೆವರುತ್ತೀರಿ, ಹತ್ತಿ ಆ ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ. ಬಂಡಿ ಮತ್ತೆ ಓಡತೊಡಗಿದರೆ ಗಾಳಿ ಆ ಒದ್ದೆಯಿಂದ ಮೈಕಾವನ್ನು ಎಳೆದುಕೊಳ್ಳುತ್ತದೆ. ಉಣ್ಣೆ ತೇವವಾದರೂ ಬೆಚ್ಚಗಿಡುತ್ತದೆ. ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಗದ್ದೆಗಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೂಟು ಒಂದು ಸೈಜು ದೊಡ್ಡದೇ ಇರಲಿ. ಮೂರು ಜೊತೆ ಕಾಲುಚೀಲ ತುರುಕಿ ಬೂಟು ಬಿಗಿಯಾದರೆ ರಕ್ತ ಓಡದೆ ಬೆರಳು ಇನ್ನೂ ಬೇಗ ತಣ್ಣಗಾಗುತ್ತದೆ. ಥರ್ಮಾಮೀಟರ್ ಮೈನಸ್ 20 ತೋರಿಸುವಾಗ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋದರೆ ಬರಿ ಚರ್ಮಕ್ಕೆ ಸುಮಾರು ಮೈನಸ್ 33ರ ಹಾಗೆ ತಾಗುತ್ತದೆ, ಆದ್ದರಿಂದ ಸ್ನೋಮೊಬೈಲಿನಲ್ಲಿ ಕೆನ್ನೆ, ಮೂಗು ಮುಚ್ಚಿರಲೇಬೇಕು.

ಹೆಣ್ಣುಮಕ್ಕಳು ಗಮನಿಸಿ: ಮೂಗುತಿ, ಓಲೆ, ಕಾಲುಂಗುರ ತೆಗೆದಿಟ್ಟು ಹೋಗುವುದು ಒಳ್ಳೆಯದು. ಲೋಹ ಬೇಗ ತಣ್ಣಗಾಗಿ ಅದಕ್ಕೆ ತಾಗಿದ ಚರ್ಮವನ್ನು ಹೆಪ್ಪುಗಟ್ಟಿಸಬಲ್ಲದು. ಮಾಂಗಲ್ಯ ಸರ ಥರ್ಮಲ್ಲಿನ ಹೊರಗೆ, ಸ್ವೆಟರಿನ ಒಳಗೆ ಇದ್ದರೆ ತೊಂದರೆಯಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತದೆ. ರಾತ್ರಿ ಕೋಣೆಯಲ್ಲಿ ಹಚ್ಚಿಕೊಳ್ಳಿ, ಹೊರಗೆ ಅದು ಬಟ್ಟೆಯ ಬದಲಿಯಲ್ಲ.

ಜೊತೆಗಾರರ ಮುಖ ಆಗಾಗ ನೋಡುತ್ತಿರಿ. ಕೆನ್ನೆಯಲ್ಲೋ ಮೂಗಿನ ತುದಿಯಲ್ಲೋ ನಾಣ್ಯದಷ್ಟು ಜಾಗ ಬಿಳಿಚಿಕೊಂಡು, ಮುಟ್ಟಿದರೆ ಗೊತ್ತಾಗದಂತಿದ್ದರೆ ಅದು ಹಿಮಕಡಿತದ ಶುರು. ಕಪ್ಪು ಮೈಬಣ್ಣದಲ್ಲಿ ಅದು ಬೂದಿಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ಉಜ್ಜಬೇಡಿ, ಬೆಂಕಿಗೆ ಒಡ್ಡಬೇಡಿ. ಬೆಚ್ಚಗಿನ ಅಂಗೈಯನ್ನು ಅಲ್ಲಿ ಒತ್ತಿ ಹಿಡಿಯಿರಿ, ಬೆರಳಾದರೆ ಕಂಕುಳಲ್ಲಿ ಇಟ್ಟುಕೊಳ್ಳಿ, ಗೈಡ್‌ಗೆ ಕೂಡಲೇ ಹೇಳಿ.

ಪ್ರಶ್ನೆ: ಇಪ್ಪತ್ತು ವರ್ಷದಿಂದ ಬೈಕ್ ಓಡಿಸುತ್ತಿದ್ದೇನೆ. ಸ್ನೋಮೊಬೈಲ್ ಕಷ್ಟವಾಗಲಿಕ್ಕಿಲ್ಲ ಅಲ್ಲವೇ? ನಮ್ಮ ಲೈಸೆನ್ಸ್ ನಡೆಯುತ್ತದೆಯೇ?
— ಭದ್ರಾವತಿಯ ಓದುಗರು

ಬೈಕಿನ ಕೆಲವು ರೂಢಿಗಳೇ ಇಲ್ಲಿ ಅಡ್ಡ ಬರುತ್ತವೆ. ಮುಖ್ಯವಾದದ್ದು ಕಾಲು. ಬೈಕ್ ವಾಲಿದರೆ ಕಾಲು ಕೆಳಗಿಟ್ಟು ತಡೆಯುತ್ತೇವೆ. 200 ಕಿಲೋ ಮೀರಿದ ಈ ಯಂತ್ರ ವಾಲುವಾಗ ಕಾಲು ಚಾಚಿದರೆ ಅದು ಅಡಿಗೆ ಸಿಕ್ಕಿ ಮುರಿಯುತ್ತದೆ. ಎರಡೂ ಪಾದ ಮೆಟ್ಟಿನ ಮೇಲೆಯೇ ಇರಲಿ, ವಾಲಿದ್ದಕ್ಕೆ ಎದುರು ದಿಕ್ಕಿಗೆ ಮೈಭಾರ ಹಾಕಿ.

ವೇಗ ಕೊಡುವುದು ಬಲಗೈ ಹೆಬ್ಬೆರಳಿನಿಂದ ಒತ್ತುವ ಸಣ್ಣ ಲಿವರ್‌ನಿಂದ, ಬ್ರೇಕ್ ಎಡಗೈಯಲ್ಲಿ. ಕ್ಲಚ್ಚೂ ಗೇರೂ ಇಲ್ಲ. ಗಾಬರಿಯಾದಾಗ ಮುಷ್ಟಿ ಬಿಗಿಯುತ್ತದೆ, ಅದರ ಜೊತೆ ಹೆಬ್ಬೆರಳೂ ಒತ್ತುತ್ತದೆ, ಯಂತ್ರ ನೇರ ಮರಕ್ಕೆ ಹೋಗುತ್ತದೆ. ಹೆಬ್ಬೆರಳು ತೆಗೆದರೆ ಸಾಕು, ಹಿಂದೆ ಚಕ್ರದ ಬದಲಿಗಿರುವ ಪಟ್ಟಾ ತಾನೇ ಹಿಡಿದು ವೇಗ ಇಳಿಸುತ್ತದೆ. ಹೊರಡುವ ಮುಂಚೆ ಇದನ್ನೇ ನಾಲ್ಕೈದು ಸಲ ಅಭ್ಯಾಸ ಮಾಡಿ. ಎಂಜಿನ್ ನಿಲ್ಲಿಸುವ ದಾರವನ್ನು ಸೂಟಿಗೆ ಸಿಕ್ಕಿಸಿಕೊಳ್ಳುವುದನ್ನು ಮರೆಯಬೇಡಿ. ನೀವು ಬಿದ್ದರೆ ಅದು ಕಿತ್ತು ಬಂದು ಎಂಜಿನ್ ಆಫ್ ಆಗುತ್ತದೆ.

ತುಳಿದು ಗಟ್ಟಿಯಾದ ದಾರಿಯಿಂದ ಒಂದು ಗಜ ಪಕ್ಕಕ್ಕೆ ಸರಿದರೂ ಮೆದು ಹಿಮದಲ್ಲಿ ಹೂತುಹೋಗಬಹುದು. ಆಗ ಎಂಜಿನ್ ಎಬ್ಬಿಸಿದಷ್ಟೂ ಪಟ್ಟಾ ಗುಂಡಿ ತೋಡುತ್ತದೆ. ಇಳಿದು ಮುಂದಿನ ಹಿಮ ತುಳಿದು ಗಟ್ಟಿ ಮಾಡಿ, ಗೈಡ್ ಬರುವವರೆಗೆ ಕಾಯಿರಿ.

ಫಿನ್ಲೆಂಡಿನಲ್ಲಿ ಓಡಿಸುವವರಿಗೆ ಚಾಲನಾ ಪರವಾನಗಿ ಬೇಕೇ ಬೇಕು. ಆರ್‌ಟಿಒ ಕಚೇರಿಯಿಂದ ಒಂದು ವರ್ಷ ಚಾಲ್ತಿಯಲ್ಲಿರುವ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು, ಮೂಲ ಲೈಸೆನ್ಸಿನ ಜೊತೆ ಒಯ್ಯಿರಿ. ಬೈಕಿನ ಲೈಸೆನ್ಸ್ ಮಾತ್ರ ಇದ್ದರೆ ಹಣ ಕಟ್ಟುವ ಮುಂಚೆಯೇ ಕಂಪನಿಗೆ ಬರೆದು ಕೇಳಿ. ಅಲ್ಲಿ ನೆಲದ ಮೇಲೆ ಗಂಟೆಗೆ 60, ಹೆಪ್ಪುಗಟ್ಟಿದ ನೀರಿನ ಮೇಲೆ 80 ಕಿ.ಮೀ. ಮಿತಿ. ಪ್ರವಾಸಿ ಗುಂಪುಗಳು ಅದಕ್ಕಿಂತ ಬಹಳ ನಿಧಾನವಾಗಿ ಹೋಗುತ್ತವೆ. ಯಂತ್ರಕ್ಕೆ ಹಾನಿಯಾದರೆ ಓಡಿಸಿದವರು ಎಷ್ಟರವರೆಗೆ ಕಟ್ಟಬೇಕು ಎಂಬ ಮೊತ್ತ ಒಪ್ಪಂದದಲ್ಲಿರುತ್ತದೆ. ಸಹಿ ಹಾಕುವ ಮುಂಚೆ ಓದಿ.

ಪ್ರಶ್ನೆ: ಅಪ್ಪನಿಗೆ ಸೊಂಟನೋವು, ತಂಗಿ ಬಸುರಿ. ಅವರೂ ಬರಬಹುದೇ?
— ಶಿಕಾರಿಪುರ

ಇಬ್ಬರಿಗೂ ಸ್ನೋಮೊಬೈಲ್ ಬೇಡ, ಕುಲುಕಾಟ ಜಾಸ್ತಿ. ನಾಯಿಬಂಡಿಯೂ ಉಬ್ಬುತಗ್ಗಿನಲ್ಲಿ ಎತ್ತಿ ಹಾಕುತ್ತದೆ. ಹಿಮಸಾರಂಗ ಎಳೆಯುವ ಬಂಡಿ ನಡಿಗೆಯ ವೇಗದಲ್ಲಿ ಸಾಗುತ್ತದೆ, ಅಪ್ಪನಿಗೆ ಅದು ಹಿಡಿಸಬಹುದು. ತಂಗಿ ಮೊದಲು ವೈದ್ಯರನ್ನು ಕೇಳಲಿ.

ಪ್ರಶ್ನೆ: ನಾಯಿಗಳಿಗೆ ಇದು ಹಿಂಸೆಯಲ್ಲವೇ?
— ಕೊಪ್ಪದ ಶಿಕ್ಷಕಿ

ಎಳೆಯುವುದು ಈ ನಾಯಿಗಳಿಗೆ ತಳಿಯಿಂದಲೇ ಬಂದ ಹಂಬಲ. 1925ರಲ್ಲಿ ಅಲಾಸ್ಕಾದ ನೋಮ್ ಪಟ್ಟಣದಲ್ಲಿ ಗಂಟಲಮಾರಿ ಹರಡಿದಾಗ, 20 ಮಂದಿ ಬಂಡಿ ಸವಾರರು ಸರದಿಯ ಮೇಲೆ ಸುಮಾರು 1,085 ಕಿ.ಮೀ. ದೂರವನ್ನು ಐದೂವರೆ ದಿನದಲ್ಲಿ ದಾಟಿ ಔಷಧ ತಲುಪಿಸಿದ್ದು ಇಂಥ ನಾಯಿಗಳಿಂದಲೇ. ಆದರೆ ಹಂಬಲ ಇದೆಯೆಂದು ಸಾಕುವವರೆಲ್ಲ ಒಳ್ಳೆಯವರೆಂದಲ್ಲ. ನಿಮ್ಮ ಪ್ರಶ್ನೆಯನ್ನು ಬುಕಿಂಗ್ ಮಾಡುವ ಪ್ರತಿಯೊಬ್ಬರೂ ಕೇಳಬೇಕು.

ಕಂಪನಿಗೆ ಬರೆದು ಕೇಳಿ: ಒಂದು ನಾಯಿ ದಿನಕ್ಕೆ ಎಷ್ಟು ಸಲ ಓಡುತ್ತದೆ, ವಾರದಲ್ಲಿ ಎಷ್ಟು ದಿನ ವಿರಾಮ, ಬೇಸಿಗೆಯಲ್ಲಿ ಏನು ವ್ಯವಸ್ಥೆ, ವಯಸ್ಸಾದವು ಎಲ್ಲಿ ಹೋಗುತ್ತವೆ. ಕೊನೆಯ ಪ್ರಶ್ನೆಗೆ ಹಾರಿಕೆಯ ಉತ್ತರ ಬಂದರೆ ಅಲ್ಲಿಗೆ ಬಿಡಿ. ಹೋದಮೇಲೆ ಕಣ್ಣಿಟ್ಟು ನೋಡಿ: ಗೂಡಿನಲ್ಲಿ ಒಣ ಹುಲ್ಲಿದೆಯೇ, ಗೈಡ್‌ಗೆ ಪ್ರತಿ ನಾಯಿಯ ಹೆಸರು ಗೊತ್ತೇ, ಕುಂಟುವ ನಾಯಿಯನ್ನು ಸಾಲಿನಿಂದ ತೆಗೆಯುತ್ತಾರೆಯೇ. ಪಕ್ಕೆಲುಬು ಕೈಗೆ ಸಿಗುವಷ್ಟು ತೆಳ್ಳಗಿರುವುದು ಓಟದ ನಾಯಿಗೆ ಸಹಜ, ಸೊಂಟದ ಮೂಳೆ ಎದ್ದು ಕಾಣುವುದು ಸಹಜವಲ್ಲ.

ಪ್ರಶ್ನೆ: ಅಷ್ಟು ಖರ್ಚು ಮಾಡಲಾಗದು. ಭಾರತದಲ್ಲೇ ಆಗುವುದಿಲ್ಲವೇ?
— ಸೊರಬ

ಸ್ನೋಮೊಬೈಲಿಗೆ ಕಾಶ್ಮೀರದ ಗುಲ್ಮಾರ್ಗ್ ಇದೆ. ಜನವರಿ, ಫೆಬ್ರವರಿ ಒಳ್ಳೆಯದು. ಅಲ್ಲಿ ಹೆಚ್ಚಾಗಿ ಚಾಲಕರ ಹಿಂದೆ ಕೂರುವ ಸಣ್ಣ ಸವಾರಿ. ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು, ಒಟ್ಟು ಎಷ್ಟು ಹಣ ಎಂಬುದನ್ನು ಹತ್ತುವ ಮುಂಚೆ ಮಾತಾಡಿಕೊಳ್ಳಿ. ಊರೇ ಸುಮಾರು 2,650 ಮೀಟರ್ ಎತ್ತರದಲ್ಲಿದೆ, ಮೊದಲ ದಿನ ಓಡಾಟ ಕಡಿಮೆ ಇರಲಿ. ನಾಯಿಬಂಡಿಗೆ ಮಾತ್ರ ಹೊರದೇಶಕ್ಕೇ ಹೋಗಬೇಕು.

ಪ್ರಶ್ನೆ: ನಮ್ಮಲ್ಲಿ ಬಂಡಿ ಎಳೆಯುವ ಚಳಿನಾಡಿನ ತಳಿಯಾದ ಹಸ್ಕಿ ನಾಯಿ ಇದೆ, ಎಂಟು ತಿಂಗಳದ್ದು. ತೋಟದ ದಾರಿಯಲ್ಲಿ ಸಣ್ಣ ಗಾಲಿಬಂಡಿ ಎಳೆಯಲು ಕಲಿಸಬಹುದೇ?
— ಸಾಗರ

ದಯವಿಟ್ಟು ಬೇಡ. ಎಂಟು ತಿಂಗಳಿಗೆ ಮೂಳೆ ಬಲಿತಿರುವುದಿಲ್ಲ, ಭಾರ ಎಳೆಸಿದರೆ ಕೀಲು ಕೆಡುತ್ತದೆ. ಬಲಿತ ಮೇಲೂ ನಮ್ಮ ಹವೆ ಒಗ್ಗದು. ಉತ್ತರದ ತರಬೇತುದಾರರು ಹಿಮ ಬೀಳುವ ಮುಂಚೆ ಗಾಲಿಬಂಡಿಗೆ ಕಟ್ಟಿ ಓಡಿಸುವಾಗ, ತಾಪಮಾನ 10–15 ಡಿಗ್ರಿ ದಾಟಿದರೆ ಓಟ ಮೊಟಕು ಮಾಡುತ್ತಾರೆ. ಸಾಗರದಲ್ಲಿ ಅಷ್ಟು ತಂಪು ಸಿಗುವುದು ಚಳಿಗಾಲದ ಕೆಲವು ಬೆಳಗಿನ ಜಾವ ಮಾತ್ರ. ಮಳೆಗಾಲ ತಂಪಲ್ಲವೇ ಎನ್ನಬಹುದು. ನಾಯಿ ಮೈಕಾವು ಇಳಿಸುವುದು ತೇಕುವುದರಿಂದ. ಗಾಳಿಯಲ್ಲೇ ನೀರು ತುಂಬಿರುವಾಗ ನಾಲಿಗೆಯ ತೇವ ಆರುವುದಿಲ್ಲ, ಕಾವೂ ಇಳಿಯುವುದಿಲ್ಲ.

ಬೆಳಿಗ್ಗೆ ಆರಕ್ಕೆ ಮುಂಚೆ ವಾಕಿಂಗ್ ಮಾಡಿಸಿ. ಎರಡು ಪದರದ ಕೂದಲನ್ನು ಸೆಕೆಗೆಂದು ಬೋಳಿಸಬೇಡಿ, ಉದುರುವ ಒಳಗೂದಲನ್ನು ದಿನವೂ ಬಾಚಿ ತೆಗೆಯಿರಿ. ಒದ್ದೆಯಾದರೆ ಬುಡದವರೆಗೆ ಒಣಗಿಸಿ, ಇಲ್ಲದಿದ್ದರೆ ಚರ್ಮಕ್ಕೆ ಬೂಸ್ಟು ಹಿಡಿಯುತ್ತದೆ. ಮಳೆ ನಿಂತ ಮೇಲೆ ಉಣುಗಿನ ಕಾಟ ಶುರು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದೂ ಉಣುಗಿನಿಂದಲೇ, ಕಾಡಂಚಿಗೆ ಹೋದ ನಾಯಿ ಅದನ್ನು ಮೈಮೇಲೆ ಮನೆಗೆ ತರಬಲ್ಲದು. ನವೆಂಬರಿನಿಂದ ಮೇವರೆಗೆ ನಾಯಿಯನ್ನು ಕಾಡಿಗೆ ಬಿಡಬೇಡಿ. ತಿರುಗಾಡಿ ಬಂದ ಪ್ರತಿ ಸಲವೂ ಕಿವಿಯ ಒಳಗೆ, ಕಾಲ್ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಕೂದಲು ಬಿಡಿಸಿ ನೋಡಿ. ಉಣುಗಿಗೆ ಹಚ್ಚುವ ಔಷಧ ಯಾವುದು, ಎಷ್ಟು ಎಂಬುದನ್ನು ಪಶುವೈದ್ಯರು ನಾಯಿಯ ತೂಕ ನೋಡಿ ಹೇಳುತ್ತಾರೆ.