ಕಂಪನಿ ತನ್ನ ನೌಕರರಿಗೆ ಕೊಡುವ ಇಸಾಪ್ (ESOP, ನೌಕರರ ಷೇರು ಆಯ್ಕೆ ಯೋಜನೆ) ಸಿಕ್ಕರೆ ಷೇರು ಸಿಕ್ಕಂತೆಯೇ? ಅದನ್ನು ನಂಬಿ ಕಡಿಮೆ ಸಂಬಳಕ್ಕೆ ಒಪ್ಪಬಹುದೇ?

ಸಿಕ್ಕಂತಲ್ಲ. ಇಸಾಪ್ ಪತ್ರ ಕೊಡುವುದು ಷೇರನ್ನಲ್ಲ, ಈಗಲೇ ಗೊತ್ತುಮಾಡಿದ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕನ್ನು. ಆ ಹಕ್ಕು ನಿಮ್ಮದಾಗುವುದೇ ವೆಸ್ಟಿಂಗ್. ಭಾರತದ ಕಂಪನಿ ಕಾನೂನಿನಂತೆ ಅದಕ್ಕೆ ಕನಿಷ್ಠ 1 ವರ್ಷ ಕಾಯಬೇಕು. ಅನೇಕ ಕಂಪನಿಗಳು 4 ವರ್ಷಗಳಲ್ಲಿ ಕಂತುಕಂತಾಗಿ ಕೊಡುತ್ತವೆ. ನಡುವೆ ಕೆಲಸ ಬಿಟ್ಟರೆ ಉಳಿದ ಕಂತುಗಳು ಸಾಮಾನ್ಯವಾಗಿ ಕೈತಪ್ಪುತ್ತವೆ.

ಹಲವರು ಎಡವುವುದು ತೆರಿಗೆಯಲ್ಲಿ. ನಿಮ್ಮ ಬಳಿ ಇಂಥ 1,000 ಹಕ್ಕುಗಳು (ಆಪ್ಷನ್) ಇವೆ, ಕೊಳ್ಳುವ ಬೆಲೆ 10 ರೂಪಾಯಿ ಎಂದುಕೊಳ್ಳಿ. ಷೇರಿನ ಮೌಲ್ಯ 210 ರೂಪಾಯಿ ಇದ್ದಾಗ 10,000 ರೂಪಾಯಿ ಕಟ್ಟಿ ಕೊಂಡಿರಿ. ನಡುವಿನ 2 ಲಕ್ಷ ರೂಪಾಯಿಯನ್ನು ಆದಾಯ ತೆರಿಗೆ ಇಲಾಖೆ ಸಂಬಳವೆಂದೇ ಎಣಿಸುತ್ತದೆ. ಶೇ 30ರ ಹಂತದಲ್ಲಿದ್ದರೆ 60,000 ರೂಪಾಯಿ ತೆರಿಗೆ, ಮೇಲೆ ಸೆಸ್. ಒಂದು ಷೇರನ್ನೂ ಮಾರದೆ ಇಷ್ಟನ್ನು ಹೊಂದಿಸಬೇಕು! ನಿಗದಿತ ಅರ್ಹತೆಯ ಸ್ಟಾರ್ಟಪ್‌ಗಳ ನೌಕರರಿಗೆ ಮಾತ್ರ ಇದನ್ನು ಮುಂದೂಡುವ ಅವಕಾಶವನ್ನು 2020ರ ಬಜೆಟ್ ಕೊಟ್ಟಿತು. ಮುಂದೆ ಮಾರಿದಾಗ, 210ರ ಮೇಲಿನ ಲಾಭಕ್ಕೆ ಬಂಡವಾಳ ಲಾಭ ತೆರಿಗೆ ಬೇರೆ.

ಇನ್ಫೋಸಿಸ್ ನೌಕರರು ಷೇರಿನಿಂದ ಸಿರಿವಂತರಾದ ಕಥೆ ಬೆಂಗಳೂರಿನಲ್ಲಿ ಈಗಲೂ ಕೇಳಿಬರುತ್ತದೆ. ಆದರೆ ಅದು 1993ರಲ್ಲೇ ಷೇರುಪೇಟೆಗೆ ಬಂದ ಕಂಪನಿ. ಅದರ ಷೇರು ಮಾರಲು ಪೇಟೆಯಿತ್ತು. ಪೇಟೆಗೆ ಬಾರದ ಕಂಪನಿಯ ಷೇರಿಗೆ ಕೊಳ್ಳುವವರನ್ನು ಹುಡುಕುವುದೇ ಕಷ್ಟ. ಹಾಗಾಗಿ ಮನೆ ಬಾಡಿಗೆ, ಸಾಲದ ಕಂತಿಗೆ ಬೇಕಾದ ಸಂಬಳವನ್ನು ಇದಕ್ಕಾಗಿ ಬಿಟ್ಟುಕೊಡಬೇಡಿ. ಸಹಿ ಹಾಕುವ ಮುನ್ನ ಕಂಪನಿಯ ಒಟ್ಟು ಷೇರುಗಳೆಷ್ಟು ಎಂದು ಕೇಳಿ: 1,000 ಎಂಬುದು 1 ಲಕ್ಷದಲ್ಲಿ ಶೇ 1, 1 ಕೋಟಿಯಲ್ಲಿ ಶೇ 0.01 ಮಾತ್ರ.