ಕಂಪ್ಯೂಟರ್ ಪ್ರಶ್ನೋತ್ತರ: ಕೌಂಟರ್‌ನಿಂದ ಡೇಟಾಬೇಸ್ ತೆರೆಯುತ್ತಿಲ್ಲ

ಪ್ರಶ್ನೆ: ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮದು ಸಗಟು ಕಿರಾಣಿ ಅಂಗಡಿ. ಒಳಕೋಣೆಯ ಉಬುಂಟು (ಲಿನಕ್ಸ್) ಕಂಪ್ಯೂಟರ್‌ನಲ್ಲಿ ಮೈಎಸ್‌ಕ್ಯೂಎಲ್ 8 ಡೇಟಾಬೇಸ್ ಇದೆ. ಅದರಲ್ಲೇ ಕೂತರೆ ಬಿಲ್ಲಿಂಗ್ ಸರಿಯಾಗಿ ನಡೆಯುತ್ತದೆ. ಕೌಂಟರ್‌ನ ವಿಂಡೋಸ್ ಕಂಪ್ಯೂಟರ್‌ನಿಂದ ತೆರೆದರೆ ಎರರ್ 2003, ಕೊನೆಯಲ್ಲಿ 10061 ಎಂದು ಬರುತ್ತದೆ. ಪಿಂಗ್ ಹೋಗುತ್ತದೆ. ಪಾಸ್‌ವರ್ಡ್ ಬದಲಿಸಿಯೂ ನೋಡಿದೆವು. ಏನು ಮಾಡಬೇಕು?

ಉತ್ತರ: ಪಾಸ್‌ವರ್ಡಿನ ಗೊಡವೆ ಸದ್ಯ ಬೇಡ. ನಿಮ್ಮ ಸಂಪರ್ಕ ಪಾಸ್‌ವರ್ಡ್ ಕೇಳುವ ಹಂತಕ್ಕೇ ಹೋಗಿಲ್ಲ. 10061 ಎಂದರೆ ಆ ವಿಳಾಸದ ಯಂತ್ರ ಎದ್ದಿದೆ, ಆದರೆ 3306ನೇ ಪೋರ್ಟ್‌ನಲ್ಲಿ (ಮೈಎಸ್‌ಕ್ಯೂಎಲ್‌ಗೆ ಹೋಗುವ ಬಾಗಿಲು) ಯಾರೂ ಇಲ್ಲವೆಂದು ತಿರುಗಿ ಹೇಳಿದೆ. ಲಿನಕ್ಸ್‌ನಲ್ಲಿ ಇದೇ ದೂರು 111 ಎಂದು ಬರುತ್ತದೆ. ಫೈರ್‌ವಾಲ್ ಸದ್ದಿಲ್ಲದೆ ತಡೆದಿದ್ದರೆ ಒಂದಷ್ಟು ಹೊತ್ತು ಕಾಯಿಸಿ 10060 ಬರುತ್ತಿತ್ತು.

ಮೊದಲು ಉಬುಂಟು ಯಂತ್ರದ ಐಪಿ ವಿಳಾಸ ನೋಡಿ. ರೂಟರ್ ಅದನ್ನು ಬದಲಿಸಿ, ಹಳೆಯ ವಿಳಾಸ ಪ್ರಿಂಟರ್‌ಗೆ ಹೋಗಿದ್ದರೆ ಪಿಂಗ್‌ಗೂ ನಿರಾಕರಣೆಗೂ ಉತ್ತರ ಕೊಡುತ್ತಿರುವುದು ಆ ಪ್ರಿಂಟರ್! ರೂಟರ್‌ನ ಡಿಎಚ್‌ಸಿಪಿ (ವಿಳಾಸ ಹಂಚುವ) ಪುಟದಲ್ಲಿ ಸರ್ವರ್‌ಗೆ ಒಂದೇ ವಿಳಾಸ ಕಾಯ್ದಿರಿಸಿ.

ವಿಳಾಸ ಸರಿಯಿದ್ದರೆ ಸರ್ವರ್‌ನ ಟರ್ಮಿನಲ್‌ನಲ್ಲಿ 'ಎಸ್‌ಎಸ್' ಕಮಾಂಡನ್ನು ಟಿ, ಎಲ್, ಎನ್, ಪಿ ಆಪ್ಶನ್‌ಗಳೊಂದಿಗೆ, ಮುಂದೆ ಸುಡೊ (ನಿರ್ವಾಹಕನ ಹಕ್ಕು) ಹಾಕಿ ಕೊಡಿ. ಬಹುಮಟ್ಟಿಗೆ ಅಲ್ಲಿ 127.0.0.1:3306 ಎಂದು ಕಾಣುತ್ತದೆ. ಅಂದರೆ ಮೈಎಸ್‌ಕ್ಯೂಎಲ್ ತನ್ನದೇ ಯಂತ್ರದ ಮಾತನ್ನಷ್ಟೇ ಕೇಳಿಸಿಕೊಳ್ಳುತ್ತಿದೆ; ಉಬುಂಟು ಪ್ಯಾಕೇಜ್ ಬರುವುದೇ ಹಾಗೆ. ಪಕ್ಕದ 33060 ಬೇರೆ ಪೋರ್ಟ್, ಅದನ್ನು ನೋಡಿ ಸಮಾಧಾನಪಡಬೇಡಿ. 3306ರ ಸಾಲೇ ಇಲ್ಲದಿದ್ದರೆ ಸರ್ವಿಸ್ ನಿಂತಿದೆ, ಇಲ್ಲವೇ ಸೆಟ್ಟಿಂಗ್‌ನಲ್ಲಿ 'ಸ್ಕಿಪ್-ನೆಟ್‌ವರ್ಕಿಂಗ್' ಇದೆ.

ಇಟಿಸಿ ಫೋಲ್ಡರ್‌ನ ಮೈಎಸ್‌ಕ್ಯೂಎಲ್ ಒಳಗೆ, ಮೈಎಸ್‌ಕ್ಯೂಎಲ್.ಕಾನ್ಫ್.ಡಿ ಎಂಬಲ್ಲಿರುವ ಮೈಎಸ್‌ಕ್ಯೂಎಲ್‌ಡಿ.ಸಿಎನ್‌ಎಫ್ ಫೈಲ್ ತೆರೆದು 'ಬೈಂಡ್-ಅಡ್ರೆಸ್' ಸಾಲನ್ನು 0.0.0.0 ಮಾಡಿ. ಅದರ ಕೆಳಗೇ 'ಮೈಎಸ್‌ಕ್ಯೂಎಲ್‌ಎಕ್ಸ್-ಬೈಂಡ್-ಅಡ್ರೆಸ್' ಇರುತ್ತದೆ. ಅವಸರದಲ್ಲಿ ಅದನ್ನು ತಿದ್ದಿ ತಲೆ ಕೆಡಿಸಿಕೊಳ್ಳುವವರು ಬಹಳ. ಸರ್ವರ್‌ನ ಐಪಿಯನ್ನೇ ಬರೆಯಬಹುದು, ಆದರೆ ಮುಂದೆ ವಿಳಾಸ ಬದಲಾದರೆ ಮೈಎಸ್‌ಕ್ಯೂಎಲ್ ಶುರುವೇ ಆಗುವುದಿಲ್ಲ. ತಿದ್ದಿದ ಮೇಲೆ ಸರ್ವಿಸ್ ರೀಸ್ಟಾರ್ಟ್ ಮಾಡಲೇಬೇಕು.

ಎಲ್ಲ ವಿಳಾಸಕ್ಕೂ ತೆರೆದ ಮೇಲೆ ಫೈರ್‌ವಾಲ್ ಕಾವಲು ಬೇಕು. ಉಬುಂಟುವಿನ ಫೈರ್‌ವಾಲ್ ಯುಎಫ್‌ಡಬ್ಲ್ಯೂನಲ್ಲಿ ಅಂಗಡಿಯ ಜಾಲವಾದ 192.168.1.0/24ರಿಂದ 3306ಕ್ಕೆ ಮಾತ್ರ 'ಅಲೌ' ಕೊಡಿ (ನಿಮ್ಮ ಜಾಲದ ಸಂಖ್ಯೆ ಬೇರೆಯಿದ್ದರೆ ಅದು). 'ಫೈರ್‌ವಾಲೇ ಆಫ್ ಮಾಡಿ' ಎನ್ನುವ ಸಲಹೆ ಕೇಳಬೇಡಿ. ಈಗ ಕೌಂಟರ್‌ನ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್‌ಗೆ ಸರ್ವರ್ ವಿಳಾಸವನ್ನೂ ಪೋರ್ಟ್ 3306ನ್ನೂ ಕೊಟ್ಟರೆ 'ಟ್ರೂ' ಬರಬೇಕು.

ಆಮೇಲೆ ಎರರ್ 1130 ಅಥವಾ 1045 ಬಂದರೆ ಗಾಬರಿ ಬೇಡ, ಬಾಗಿಲವರೆಗೆ ಬಂದಿರಿ ಎಂದರ್ಥ. ಮೈಎಸ್‌ಕ್ಯೂಎಲ್‌ಗೆ 'ಲೋಕಲ್‌ಹೋಸ್ಟ್'ನ ಬಳಕೆದಾರನೂ ಅದೇ ಹೆಸರಿನ ಹೊರಗಿನ ಬಳಕೆದಾರನೂ ಬೇರೆ ಬೇರೆ. ಬಿಲ್ಲಿಂಗ್‌ಗೆಂದು '192.168.1.%' ಹೋಸ್ಟ್‌ನ ಹೊಸ ಬಳಕೆದಾರನನ್ನು ಮಾಡಿ, ಆ ಒಂದು ಡೇಟಾಬೇಸ್‌ಗೆ ಮಾತ್ರ ಹಕ್ಕು ಕೊಡಿ. ರೂಟ್ ಖಾತೆಯನ್ನು ಕೌಂಟರ್‌ಗೆ ಕೊಡಬೇಡಿ. ಎರರ್ 2059 ಬಂದರೆ ಬಿಲ್ಲಿಂಗ್ ತಂತ್ರಾಂಶದ ಹಳೆಯ ಕನೆಕ್ಟರ್‌ಗೆ (ಡೇಟಾಬೇಸ್‌ಗೆ ಜೋಡಿಸುವ ಭಾಗ) ಮೈಎಸ್‌ಕ್ಯೂಎಲ್ 8ರ ಪಾಸ್‌ವರ್ಡ್ ಪದ್ಧತಿ ತಿಳಿಯುತ್ತಿಲ್ಲ. ಕನೆಕ್ಟರ್ ಹೊಸದು ಹಾಕಿಸಿ.

ಪ್ರಶ್ನೆ: ಚಿತ್ರದುರ್ಗದ ಶಾಖೆಯಿಂದಲೂ ಇದೇ ಡೇಟಾಬೇಸ್ ಬೇಕು. ರೂಟರ್‌ನಲ್ಲಿ 3306 ಫಾರ್ವರ್ಡ್ ಮಾಡಿದರೆ ಸಾಕೇ?

ಉತ್ತರ: ಮಾಡಬೇಡಿ. ಇಂಟರ್ನೆಟ್‌ಗೆ ತೆರೆದ 3306ನ್ನು ಸ್ಕ್ಯಾನ್ ಮಾಡುವ ಯಂತ್ರಗಳು ಹಗಲಿರುಳು ತಿರುಗುತ್ತಿರುತ್ತವೆ. ಸರ್ವರ್‌ನಲ್ಲಿ ವೈರ್‌ಗಾರ್ಡ್ (ಎರಡು ಊರಿನ ಯಂತ್ರಗಳ ನಡುವೆ ಇಂಟರ್ನೆಟ್ ಮೂಲಕ ಸುರಕ್ಷಿತ ಸುರಂಗ ಕಟ್ಟುವ ವಿಪಿಎನ್) ಹಾಕಿ, ಯುಡಿಪಿ 51820 ಒಂದನ್ನೇ ರೂಟರ್‌ನಲ್ಲಿ ಫಾರ್ವರ್ಡ್ ಮಾಡಿ, ಯುಎಫ್‌ಡಬ್ಲ್ಯೂನಲ್ಲೂ ಬಿಡಿ. ರೂಟರ್‌ನ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ಅದು ಹೊರಗಿನಿಂದ ತಲುಪಲಾಗದ ವಿಳಾಸ, ಫಾರ್ವರ್ಡ್ ಮಾಡಿ ಪ್ರಯೋಜನವಿಲ್ಲ, ಇಂಟರ್ನೆಟ್ ಕೊಡುವವರಲ್ಲಿ ಸ್ಟ್ಯಾಟಿಕ್ ಐಪಿ ಕೇಳಿ. ಸುರಂಗಕ್ಕೆ 10.8.0.0/24 ಇಟ್ಟುಕೊಂಡರೆ ಮೇಲಿನ ಫೈರ್‌ವಾಲ್ ನಿಯಮವನ್ನೂ ಬಳಕೆದಾರನನ್ನೂ ಆ ಸಂಖ್ಯೆಗೆ ಇನ್ನೊಮ್ಮೆ ಮಾಡಬೇಕು. ಶಾಖೆಯ ಬಿಲ್ಲಿಂಗ್‌ನಲ್ಲಿ ಸರ್ವರ್‌ನ ಸುರಂಗದ ವಿಳಾಸವನ್ನೇ, ಅಂದರೆ 10.8.0.1 ಎಂದು ಬರೆಯಿರಿ. ಎರಡೂ ಊರಿನ ರೂಟರ್‌ಗಳು 192.168.1 ಎಂದೇ ಇದ್ದರೆ, ದಾವಣಗೆರೆಯ 192.168.1.10ನ್ನು ಚಿತ್ರದುರ್ಗದ ಕಂಪ್ಯೂಟರ್ ತನ್ನ ಅಂಗಡಿಯೊಳಗೇ ಹುಡುಕುತ್ತದೆ.