ಹೊಸ ಫ್ಲ್ಯಾಷ್ ಜೊತೆಗೆ ಬ್ರಾಕೆಟ್ ಕೂಡ ಕೊಳ್ಳಬೇಕೇ?

ನಿಮ್ಮ ತೊಂದರೆ ನನಗೆ ಅರ್ಥವಾದದ್ದು ಹೀಗೆ: ಒಳಾಂಗಣ ಸಮಾರಂಭಗಳ ಫೋಟೊ ತೆಗೆಯುತ್ತೀರಿ. ಕ್ಯಾಮೆರಾದಲ್ಲೇ ಇರುವ ಪುಟ್ಟ ಫ್ಲ್ಯಾಷ್‌ನಿಂದ ಕಣ್ಣುಗಳು ಕೆಂಪಗೆ ಕಾಣುತ್ತಿವೆ, ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿದಾಗ ಮುಖದ ಪಕ್ಕದ ಗೋಡೆಯ ಮೇಲೆ ದಟ್ಟ ನೆರಳು ಬೀಳುತ್ತಿದೆ. ಹಾಗಾಗಿ ಯಾವ ಫ್ಲ್ಯಾಷ್, ಅದನ್ನು ಕ್ಯಾಮೆರಾದಿಂದ ದೂರ ಎತ್ತಿ ಹಿಡಿಯುವ ಯಾವ ಬ್ರಾಕೆಟ್ ಒಳ್ಳೆಯದು ಎಂದು ಕೇಳಿದ್ದೀರಿ.

ಫ್ಲ್ಯಾಷ್ ಈಗಲೇ ಕೊಳ್ಳಿ, ಬ್ರಾಕೆಟ್ ಎರಡು ತಿಂಗಳು ತಡೆಯಲಿ. ನಾನು ಎರಡನ್ನೂ ಒಂದೇ ದಿನ ಕೊಂಡು ತಂದವನು. ಬ್ರಾಕೆಟ್ ಒಂದು ವರ್ಷ ಕಪಾಟಿನಲ್ಲಿ ಧೂಳು ತಿಂದಿತು.

ಕಾರಣ ಸರಳ. ತಾರಸಿ, ಅಂದರೆ ಕೋಣೆಯೊಳಗಿಂದ ಕಾಣುವ ಛಾವಣಿ, ಬೆಳ್ಳಗಿದ್ದು ತೀರಾ ಎತ್ತರವಿಲ್ಲದಿದ್ದರೆ ಫ್ಲ್ಯಾಷ್‌ನ ತಲೆಯನ್ನು ಮೇಲಕ್ಕೆ ತಿರುಗಿಸಿದರೆ ಸಾಕು. ಆಗ ನಿಮ್ಮ ದೀಪ ಫ್ಲ್ಯಾಷ್ ಅಲ್ಲ, ಬೆಳಗಿದ ಆ ತಾರಸಿ. ಅಷ್ಟು ದೊಡ್ಡ ದೀಪದ ಬೆಳಕು ಮೃದುವಾಗಿರುತ್ತದೆ, ಕೆಂಗಣ್ಣು ಮಾಯವಾಗುತ್ತದೆ. ಫ್ಲ್ಯಾಷ್ ಕ್ಯಾಮೆರಾದ ನೆತ್ತಿಯ ಮೇಲಿದೆಯೋ ಬ್ರಾಕೆಟ್ ಮೇಲಿದೆಯೋ ಎಂಬುದರಿಂದ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ. ಆದ್ದರಿಂದ ಕೊಳ್ಳುವಾಗ ಮೊದಲು ನೋಡಬೇಕಾದದ್ದು ತಲೆಯ ಚಲನೆ. ಅದು ಮೇಲಕ್ಕೆ 90 ಡಿಗ್ರಿ ಬಾಗಬೇಕು, ಎಡಕ್ಕೂ ಬಲಕ್ಕೂ ತಿರುಗಬೇಕು. ಎರಡೂ ಕಡೆ 180 ಡಿಗ್ರಿ ತಿರುಗಿದರೆ ಇನ್ನೂ ಒಳ್ಳೆಯದು. ಮೇಲೆ ಕೆಳಗೆ ಮಾತ್ರ ಬಾಗುವ ಅಗ್ಗದ ಫ್ಲ್ಯಾಷ್‌ಗಳಿವೆ. ಕ್ಯಾಮೆರಾ ಉದ್ದಕ್ಕೆ ತಿರುಗಿದೊಡನೆ ಅವು ತಾರಸಿಯನ್ನು ಬಿಟ್ಟು ಪಕ್ಕದ ಗೋಡೆಯನ್ನು ದಿಟ್ಟಿಸುತ್ತವೆ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ.

ಎರಡನೆಯದು ಶಕ್ತಿ. ಪೆಟ್ಟಿಗೆಯ ಮೇಲೆ ಗೈಡ್ ನಂಬರ್ (ಫ್ಲ್ಯಾಷ್‌ನ ಶಕ್ತಿ ಹೇಳುವ ಅಂಕಿ) 60 ಎಂದು ಅಚ್ಚಾಗಿರುತ್ತದೆ. ಅದು ಸಾಮಾನ್ಯವಾಗಿ ತಲೆಯನ್ನು 105 ಅಥವಾ 200 ಮಿಲಿಮೀಟರ್‌ಗೆ ಜೂಮ್ ಮಾಡಿ ಬೆಳಕನ್ನು ಕಿರಿದಾಗಿಸಿ ಅಳೆದ ಲೆಕ್ಕ. 35 ಮಿಲಿಮೀಟರ್‌ನಲ್ಲಿ ಅಳೆದರೆ ಅದೇ ಫ್ಲ್ಯಾಷ್ 36ರ ಆಸುಪಾಸಿಗೆ ಇಳಿಯಬಹುದು, ನಿಮಗೆ ಬೇಕಾದದ್ದು ಆ ಅಂಕಿ. ಲೆಕ್ಕ ಹಾಕಿ ನೋಡಿ: ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 100ರಲ್ಲಿ 36 ಇದ್ದದ್ದು ಐಎಸ್‌ಒ 400ರಲ್ಲಿ 72 ಆಗುತ್ತದೆ. ಅಪರ್ಚರ್ (ಲೆನ್ಸ್‌ನ ಬೆಳಕಿನ ಕಿಂಡಿ) ಎಫ್/4 ಇದ್ದರೆ 72ನ್ನು 4ರಿಂದ ಭಾಗಿಸಿ, ಬೆಳಕು ಮುಟ್ಟುವ ದೂರ 18 ಮೀಟರ್. ಆದರೆ ತಾರಸಿ ಬೆಳಕನ್ನು ಚದುರಿಸುತ್ತದೆ, ಒಂದಿಷ್ಟನ್ನು ನುಂಗುತ್ತದೆ. ಎರಡು ಸ್ಟಾಪ್, ಅಂದರೆ ಬೆಳಕು ಕಾಲು ಭಾಗಕ್ಕೆ ಇಳಿಯುವಷ್ಟು ನಷ್ಟವೆಂದರೂ ದೂರ ಅರ್ಧಕ್ಕಿಳಿದು 9 ಮೀಟರ್ ಆಯಿತು. ಬೆಳಕು ಎರಡು ಮೀಟರ್ ಮೇಲೇರಿ, ನಾಲ್ಕು ಮೀಟರ್ ಓರೆಯಾಗಿ ಇಳಿದು ಮುಖ ಮುಟ್ಟಬೇಕೆಂದಿಟ್ಟುಕೊಳ್ಳಿ, ಒಟ್ಟು 6 ಮೀಟರ್. ಸಲೀಸಾಗಿ ಮುಟ್ಟುತ್ತದೆ. 20ರ ಪುಟ್ಟ ಫ್ಲ್ಯಾಷ್‌ಗೆ ಇದೇ ಲೆಕ್ಕ ಹಾಕಿದರೆ 5 ಮೀಟರ್‌ಗೇ ಉಸಿರು ನಿಲ್ಲುತ್ತದೆ.

ಕ್ಯಾಮೆರಾ ತಾನೇ ಅಳೆದು ಫ್ಲ್ಯಾಷ್‌ನ ಬೆಳಕನ್ನು ಹೊಂದಿಸುವ ಸ್ವಯಂಚಾಲಿತ ಟಿಟಿಎಲ್ ಬೇಕೆಂದರೆ ನಿಮ್ಮ ಕ್ಯಾಮೆರಾ ಕಂಪನಿಗೆಂದೇ ಮಾಡಿದ ಮಾದರಿ ಬೇಕು. ಕ್ಯಾನನ್‌ಗೆ ಮಾಡಿದ್ದನ್ನು ನಿಕಾನ್ ಮೇಲೆ ಕೂರಿಸಿದರೆ ನಡುವಿನ ಪಿನ್‌ನಿಂದ ಬೆಳಗಬಹುದೇ ಹೊರತು ಬೆಳಕಿನ ಪ್ರಮಾಣದ ಬಗ್ಗೆ ಎರಡೂ ಮಾತಾಡಿಕೊಳ್ಳುವುದಿಲ್ಲ. ಇನ್ನು ಮನೆಯ ಅಟ್ಟದಲ್ಲಿ ಫಿಲ್ಮ್ ಕಾಲದ ಹಳೆಯ ಫ್ಲ್ಯಾಷ್ ಇದ್ದರೆ ಪರೀಕ್ಷಿಸದೆ ಡಿಜಿಟಲ್ ಕ್ಯಾಮೆರಾಕ್ಕೆ ಹಾಕಬೇಡಿ. ಅಂಥ ಕೆಲವುಗಳ ಪಿನ್‌ನಲ್ಲಿ 200 ವೋಲ್ಟ್‌ಗೂ ಹೆಚ್ಚು ಇರುತ್ತದೆ, ಕ್ಯಾಮೆರಾದ ಸರ್ಕ್ಯೂಟ್ ಸುಡಬಹುದು. ಬ್ಯಾಟರಿ ವಿಷಯದಲ್ಲಿ ಒಂದೇ ಮಾತು, ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕಿ. ಆಲ್ಕಲೈನ್‌ಗಿಂತ ಬೇಗ ಮುಂದಿನ ಫೋಟೊಗೆ ಸಿದ್ಧವಾಗುತ್ತದೆ.

ಈಗ ಬ್ರಾಕೆಟ್. ತಾರಸಿ ಕಪ್ಪು ಮರದ್ದಾಗಿದ್ದರೆ, ಎಟುಕದಷ್ಟು ಎತ್ತರದಲ್ಲಿದ್ದರೆ, ಅಥವಾ ಮೇಲೆ ಆಕಾಶವೇ ಇದ್ದರೆ ಫ್ಲ್ಯಾಷನ್ನು ನೇರವಾಗಿ ಮುಖಕ್ಕೆ ಹಿಡಿಯದೆ ಗತಿಯಿಲ್ಲ. ಆಗ ಬ್ರಾಕೆಟ್ ಒಂದು ಕೆಲಸ ಮಾಡುತ್ತದೆ: ಫ್ಲ್ಯಾಷನ್ನು ಲೆನ್ಸ್‌ನ ಮೇಲಕ್ಕೆ ಎತ್ತಿ ಹಿಡಿದು ನೆರಳನ್ನು ವ್ಯಕ್ತಿಯ ಬೆನ್ನ ಹಿಂದೆ, ಕೆಳಕ್ಕೆ ತಳ್ಳುತ್ತದೆ. ಬೆಳಕು ಮೃದುವಾಗುತ್ತದೆಂದು ಮಾರುವವರು ಹೇಳಿದರೆ ನಂಬಬೇಡಿ. ನೆರಳಿನ ಅಂಚು ಮೊದಲಿನಷ್ಟೇ ಹರಿತ, ಕಣ್ಣಿಗೆ ಬೀಳದ ಕಡೆ ಬಿದ್ದಿರುತ್ತದೆ ಅಷ್ಟೆ.

ಅಗ್ಗದ ಬ್ರಾಕೆಟ್ ಎಂದರೆ ಕ್ಯಾಮೆರಾದ ಎಡಕ್ಕೆ ಎದ್ದು ನಿಲ್ಲುವ ಒಂದು ಲೋಹದ ತೋಳು. ನಾನು ಕೊಂಡದ್ದು ಅದನ್ನೇ. ಕ್ಯಾಮೆರಾವನ್ನು ಬಲಗೈ ಕೆಳಗೆ ಬರುವಂತೆ ಉದ್ದಕ್ಕೆ ತಿರುಗಿಸಿದರೆ ಫ್ಲ್ಯಾಷ್ ಸರಿಯಾಗಿ ಮೇಲೆ ಬರುತ್ತದೆ. ಅಡ್ಡಕ್ಕೆ ಹಿಡಿದರೋ, ನೀವು ಯಾವ ಪಕ್ಕದ ನೆರಳಿನಿಂದ ಓಡಿಹೋಗುತ್ತಿದ್ದೀರೋ ಅದೇ ಮರಳಿ ಬರುತ್ತದೆ! ಎರಡೂ ಭಂಗಿಯಲ್ಲಿ ಫ್ಲ್ಯಾಷ್ ಮೇಲೆಯೇ ಇರಬೇಕೆಂದರೆ ತೋಳು ಮಡಚಿ ತಿರುಗುವ, ಅಥವಾ ಕ್ಯಾಮೆರಾ ಮಾತ್ರ ತಿರುಗುವ ಬ್ರಾಕೆಟ್ ಬೇಕು. ಅವು ಭಾರ. ಮೂರು ಗಂಟೆ ಹಿಡಿದ ಮೇಲೆ ಮಣಿಕಟ್ಟು ನೆನಪಿಸುತ್ತದೆ.

ಫ್ಲ್ಯಾಷ್ ಹಾಟ್ ಶೂ (ಕ್ಯಾಮೆರಾದ ನೆತ್ತಿಯ ಮೇಲೆ ಅದು ಕೂರುವ ಜಾಗ) ಬಿಟ್ಟು ಬಂದ ಮೇಲೆ ಅದನ್ನು ಕ್ಯಾಮೆರಾಕ್ಕೆ ಜೋಡಿಸುವ ಟಿಟಿಎಲ್ ಕೇಬಲ್ ಅಥವಾ ತಂತಿಯಿಲ್ಲದೆ ಬೆಳಗಿಸುವ ರೇಡಿಯೊ ಟ್ರಿಗರ್ ಬೇರೆಯೇ ಕೊಳ್ಳಬೇಕು, ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಕ್ಯಾಮೆರಾ ಕೂರುವ ಜಾಗದಲ್ಲಿ ರಬ್ಬರ್ ಅಥವಾ ಕಾರ್ಕ್ ಹಾಸು ಇರಬೇಕು, ಇಲ್ಲದಿದ್ದರೆ ಕಾಲು ಇಂಚಿನ ಆ ಒಂದೇ ತಿರುಪಿನ ಮೇಲೆ ಕ್ಯಾಮೆರಾ ಗಿರಕಿ ಹೊಡೆಯುತ್ತದೆ. ಬ್ಯಾಟರಿ ಬಾಗಿಲು ತೆರೆಯಲು ಬ್ರಾಕೆಟ್ ಅಡ್ಡ ಬರುವುದೇ ನೋಡಿ. ಟ್ರಿಗರ್ ಬಳಸಿ ಫ್ಲ್ಯಾಷನ್ನು ಬ್ರಾಕೆಟ್‌ನ ಬರಿಯ ಲೋಹದ ಕೋಲ್ಡ್ ಶೂನಲ್ಲಿ (ವಿದ್ಯುತ್ ಸಂಪರ್ಕವಿಲ್ಲದ ಶೂ) ಕೂರಿಸಿದರೆ ಅದರ ಪಿನ್‌ಗಳು ಲೋಹಕ್ಕೆ ತಾಗಿ ಶಾರ್ಟ್ ಆಗಬಹುದು. ದೀಪವಾರಿಸಿ ಎಲ್ಲರೂ ಮೌನವಾಗಿ ಕುಳಿತಿದ್ದ ಒಂದು ಸಭೆಯಲ್ಲಿ ನನ್ನ ಫ್ಲ್ಯಾಷ್ ತಾನೇ ತಾನಾಗಿ ನಾಲ್ಕು ಸಲ ಮಿಂಚಿ ಎಲ್ಲರ ತಲೆ ನನ್ನತ್ತ ತಿರುಗಿದ್ದು ಇದೇ ಕಾರಣಕ್ಕೆ. ಒಂದು ತುಂಡು ಇನ್ಸುಲೇಷನ್ ಟೇಪ್ ಅಂಟಿಸಿದ ಮೇಲೆ ಆ ಕಾಟ ತಪ್ಪಿತು.

ಹಾಗಾಗಿ ಫ್ಲ್ಯಾಷ್ ಬಂದ ಮೇಲೆ ಮೊದಲು ಆ ಟಿಟಿಎಲ್ ಕೇಬಲ್ ಒಂದನ್ನು ತನ್ನಿ. ಬಲಗೈಯಲ್ಲಿ ಕ್ಯಾಮೆರಾ, ಎಡಗೈಯಲ್ಲಿ ಫ್ಲ್ಯಾಷನ್ನು ತಲೆಗಿಂತ ಎತ್ತರಕ್ಕೆ ಹಿಡಿದು ಒಂದು ಸಂಜೆ ಪೂರ್ತಿ ಫೋಟೊ ತೆಗೆಯಿರಿ. ಫೋಟೊ ಹಿಡಿಸಿ ಎಡಗೈ ಮಾತ್ರ ಸೋತಿದ್ದರೆ, ಆಗ ತಿರುಗುವ ಬ್ರಾಕೆಟ್ ಹುಡುಕಲು ಹೊರಡಿ.